ಬೊನಿಫಾಸ್ ಪೊರ್ಬುಗಳ ಎರಡನೇ ಪ್ರಾಯಶ್ಚಿತ್ತ

“ಆಯ್ತ್ವಾರ ಸಂಜಿ ನಾಲ್ಕ್ ಗಂಟಿಗ್ ಮಳಿ ತೋರ್ಸ್ತಾ ಇತ್ತ್ ಫಾದರ್. ಅರ್ಧ ಮೈದಾನಕ್ಕಾರೂ ಶಾಮಿಯಾನ ಹಾಕುದ್ ಒಳ್ಳೇದ್,” ಎಂದು ರೋಷನ್ ತನ್ನ ಫೋನನ್ನು ಮೇಜಿನ ನಡುವೆ ಇಟ್ಟ.

ಪಾಲನಾ ಮಂಡಳಿಯ ಹದಿನೆಂಟು ತಲೆಗಳು ಒಟ್ಟಿಗೆ ಬಗ್ಗಿದವು. ಪರದೆಯ ಮೇಲೆ ಒಂದು ಪುಟ್ಟ ಕಪ್ಪು ಮೋಡ, ಅದರ ಅಡಿಯಲ್ಲಿ ಮೂರು ನೀಲಿ ಹನಿ. ಹಂಗಾರಕಟ್ಟೆ ರಸ್ತೆಯ ಆ ಸಣ್ಣ ಇಗರ್ಜಿಯ ವಾರ್ಷಿಕ ಹಬ್ಬಕ್ಕೆ, ಅಂದರೆ ತೆರಾಲಿಗೆ, ಇನ್ನು ಉಳಿದದ್ದು ಆರೇ ದಿನ. ನಾಲ್ಕು ಗಂಟೆಗೆ ಪರಮ ಪ್ರಸಾದದ ಮೆರವಣಿಗೆ, ಅದು ತಿರುಗಿ ಬಂದ ಮೇಲೆ ಮೈದಾನದಲ್ಲಿ ಆಶೀರ್ವಾದ, ಆಮೇಲೆ ಅಲ್ಲೇ ಐನೂರು ಜನರಿಗೆ ಊಟ. ಇಷ್ಟಕ್ಕೂ ಮೇಲೆ ಮುಚ್ಚಿಗೆ ಅಂತ ಇದ್ದದ್ದು ಬರೇ ಆಕಾಶ.

ರೋಷನನ ಮನೆ ಇದೇ ಊರಿನಲ್ಲಿ. ಅಂಗಡಿ ತಲ್ಲೂರಿನಲ್ಲಿ, ಶಾಮಿಯಾನ, ಕುರ್ಚಿ, ಮೈಕು ಬಾಡಿಗೆಗೆ ಕೊಡುವುದು ಅವನ ಕೆಲಸ. ಮಂಡಳಿಯಲ್ಲಿ ಎಲ್ಲರಿಗಿಂತ ಚಿಕ್ಕವನು, ಮೂವತ್ತೆರಡು ವಯಸ್ಸು. ಅವನು ಮುಂದೇನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಉಪಾಧ್ಯಕ್ಷ ಬೊನಿಫಾಸ್ ಬರೆಟ್ಟೊ ಎದ್ದು ನಿಂತರು.

ಊರವರು ಮರ್ಯಾದೆಯಿಂದ ಬೊನಿಫಾಸ್ ಪೊರ್ಬುಗಳು ಎಂದು ಕರೆಯುವ ಅವರು ಎದ್ದರೆ ಉಳಿದವರು ಕುರ್ಚಿಗೆ ಬೆನ್ನು ಕೊಡುವುದು ರೂಢಿ. ಮೂವತ್ತೊಂದು ವರ್ಷ ಮುಂಬೈಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮ್ಯಾನೇಜರ್ ಆಗಿದ್ದವರು. ಯಂತ್ರಗಳ ಗದ್ದಲದಲ್ಲೂ ಕೇಳಿಸಬೇಕೆಂದು ಬೆಳೆಸಿದ ಸ್ವರ ಊರಿಗೆ ಬಂದ ಮೇಲೂ ತಗ್ಗಿರಲಿಲ್ಲ. ಪ್ರಾರ್ಥನೆಯನ್ನು ಕೊಂಕಣಿಯಲ್ಲೂ ಜಗಳವನ್ನು ಕುಂದಾಪ್ರ ಕನ್ನಡದಲ್ಲೂ ಮಾಡುವ ಮಂಡಳಿ ಅದು. ಮೀಟಿಂಗಿನಲ್ಲಿ ಕೊಂಕಣಿಯಲ್ಲೇ ಶುರುಮಾಡುವ ಪೊರ್ಬುಗಳು ಈ ಸಲ ಕನ್ನಡದಲ್ಲಿ ಶುರುಮಾಡಿದ್ದು ಕೇಳಿ ಇದು ಜಗಳವೆಂದು ಎಲ್ಲರಿಗೂ ಗೊತ್ತಾಯಿತು.

“ರೋಷನ್, ನಾನ್ ಒಂದ್ ಕೇಂತೆ. ತೆರಾಲಿ ದೇವ್ರದ್ದಾ, ನಿನ್ ಅಂಗ್ಡಿದಾ?”

“ಮಾಮ, ನಾನ್ ಹೇಳ್ದ್ ಹಾಂಗಲ್ಲ...”

“ನಾನ್ ಉಪಾಧ್ಯಕ್ಷ ಆಯಿ ಒಂಬತ್ತ್ ವರ್ಷ. ಒಂಬತ್ತ್ ತೆರಾಲಿಯಾಗೆ ಒಂದ್ ಹನಿ ಬಿದ್ದಿತ್ತಾ? ದೇವ್ರ್ ಮೇಲ್ ಭರವಸಿ ಇದ್ದವ್ರ್ ಶಿಲುಬಿ ಕಾಂತ್ರ್, ಇಲ್ದಿದ್ದವ್ರ್ ಫೋನ್ ಕಾಂತ್ರ್. ದೇವ್ರ ಹಬ್ಬದಾಗೂ ಬಾಡ್ಗಿ ಎಣ್ಸುದ್ ಬ್ಯಾಡ ಮಗಾ. ಮಳಿ ಬಪ್ಪುದಿಲ್ಲೆ. ನಾನ್ ಹೇಳ್ತೆ.”

ಹಿಂದಿನ ಸಾಲಿನಿಂದ ಯಾರೋ ಚಪ್ಪಾಳೆ ಹೊಡೆದರು. ಒಬ್ಬರು ಹೊಡೆದರೆಂದು ಇನ್ನೊಬ್ಬರು ಹೊಡೆದರು. ದೇವರ ಮೇಲಿನ ಭರವಸೆಗೆ ಚಪ್ಪಾಳೆ ಬೀಳುತ್ತಿರುವಾಗ ಸುಮ್ಮನೆ ಕೂತರೆ ಏನರ್ಥ ಬಂದೀತು ಎಂದು ಉಳಿದವರೂ ಹೊಡೆದರು. ಫಾದರ್ ಅನೂಪ್ ಈ ಇಗರ್ಜಿಗೆ ಬಂದು ಆರು ತಿಂಗಳಾಗಿತ್ತಷ್ಟೆ. ಅವರು ಪೊರ್ಬುಗಳ ಮುಖ ನೋಡಿದರು, ಫೋನಿನ ಮೋಡ ನೋಡಿದರು, ಆಮೇಲೆ ಪುಸ್ತಕದಲ್ಲಿ “ಶಾಮಿಯಾನ ಬೇಡ” ಎಂದು ಬರೆದರು. ರೋಷನ್ ಮೋಡವನ್ನು ಕಿಸೆಗೆ ಹಾಕಿಕೊಂಡು, ಕೊನೆಯ ಪ್ರಾರ್ಥನೆಗೂ ನಿಲ್ಲದೆ ಹೊರಟುಹೋದ.

ಪೊರ್ಬುಗಳು ಮನೆಗೆ ಬಂದಾಗ ಹೆಂಡತಿ ಸೆವ್ರಿನ್ ಬಾಯಿ ತೆಂಗಿನಕಾಯಿ ತುರಿಯುತ್ತಿದ್ದರು. ಮೀಟಿಂಗಿನ ಸುದ್ದಿ ಗಂಡನಿಗಿಂತ ಮೊದಲೇ ಮನೆ ಮುಟ್ಟಿತ್ತು.

“ಮಳಿ ಬಪ್ಪುದಿಲ್ಲೆ ಅಂತ ಮಾತ್ ಕೊಟ್ರಿ ಅಂಬ್ರ್.”

“ಕೊಟ್ಟೆ.”

“ಯಾರ್ ಪರ್ವಾಗಿ?”

“ದೇವ್ರ್ ಪರ್ವಾಗಿ.”

“ಅವ್ರತ್ರ ಒಂದ್ ಮಾತ್ ಕೇಂಡಿದ್ರಿಯಾ?”

“ಭರವಸಿ ಅಂದ್ರೆ ಕೇಂಬುದಲ್ಲ ಮಾರಾಯ್ತಿ. ನಂಬುದ್.”

“ನೀವ್ ನಂಬಿದ್ದ್ ಎಲ್ಲ್? ಆರ್ಡರ್ ಕೊಟ್ಟದ್ದ್. ಕ್ಯಾಂಟೀನಾಗೆ ಇಡ್ಲಿಗ್ ಕೊಟ್ಟಾಂಗೆ.” ಸೆವ್ರಿನ್ ಬಾಯಿ ಗೆರಟೆಯನ್ನು ಬದಿಗೆ ಸರಿಸಿದರು. “ಮತ್ತೊಂದ್ ವಿಷ್ಯ. ಅವ ಬಾಡ್ಗಿ ಕೇಂಬುಕ್ ಬಂದದ್ದಲ್ಲ. ಪುಕ್ಕಟೆ ಹಾಕ್ತೆ ಅಂತ ಅಮ್ಮನತ್ರ ಹೇಳಿಯೇ ಮನಿಯಿಂದ ಹೊರ್ಟದ್ದಂಬ್ರ್. ನೀವ್ ಅವ್ನ್ ಬಾಯಿ ಬಿಡುಕ್ ಬಿಟ್ರಿಯಾ?”

ಪೊರ್ಬುಗಳು ಊಟಕ್ಕೆ ಕೂತರು. ತಟ್ಟೆಯಲ್ಲಿ ಸಾರು ಇದ್ದಂತೆಯೇ ಇನ್ನಷ್ಟು ಸಾರು ಕೇಳಿದರು. ರೋಷನನ ಜ್ಞಾನಸ್ನಾನದ ದಿನ ಅವನನ್ನು ಎತ್ತಿಕೊಂಡು ನಿಂತವರು ಅವರೇ. ಅವನಪ್ಪ ತೀರಿಹೋದ ಮೇಲೆ ಅಂಗಡಿ ತೆರೆಯುವಾಗ ಮೊದಲ ಕುರ್ಚಿಗಳನ್ನು ಆರಿಸಿಕೊಟ್ಟವರೂ ಅವರೇ. ಅಂಥವನಿಗೆ ಹದಿನೇಳು ಜನರ ಮುಂದೆ ಬಾಡಿಗೆಯ ಮಾತು. ಆ ರಾತ್ರಿ ಜಪಮಾಲೆಯಲ್ಲಿ ಪೊರ್ಬುಗಳು ಎರಡು ಮಣಿ ಹಾರಿಸಿದರು. ಸೆವ್ರಿನ್ ಬಾಯಿ ನೋಡಿಯೂ ನೋಡದ ಹಾಗೆ ಇದ್ದರು.

ಮಂಗಳವಾರ ಒಳ್ಳೆ ಬಿಸಿಲಿತ್ತು. ಪೊರ್ಬುಗಳು ಅಂಗಿಯ ಮೇಲಿನ ಗುಂಡಿ ಬಿಚ್ಚಿ, ರಸ್ತೆಯಲ್ಲಿ ಸಿಕ್ಕವರಿಗೆಲ್ಲ “ಎಂತ ಶೆಕಿ ಮಾರಾಯ್ರೆ” ಎಂದು ಸಂತೋಷದಿಂದ ಹೇಳಿಕೊಂಡು ತಿರುಗಿದರು. ಬುಧವಾರ ಪಡುವಣದಲ್ಲಿ ಬೂದು ಬಣ್ಣದ ಒಂದು ಪಟ್ಟಿ ಕಾಣಿಸಿತು. ಗುರುವಾರ ಟಿ.ವಿ.ಯವರು ವಾಯುಭಾರ ಕುಸಿತ ಎಂದರು. ಶುಕ್ರವಾರ ಬೆಳಿಗ್ಗೆ ಕಡಲಿಗೆ ಹೋದ ದೋಣಿಗಳು ಒಂದೊಂದಾಗಿ ಅಳಿವೆಯೊಳಗೆ ಬಂದು ಕಟ್ಟಿಕೊಳ್ಳತೊಡಗಿದವು. ಭರವಸೆ ಇದ್ದವರು ಶಿಲುಬೆ ನೋಡುತ್ತಾರೆ ಎಂದಿದ್ದ ಪೊರ್ಬುಗಳು ಆ ನಾಲ್ಕು ದಿನದಲ್ಲಿ ಆಕಾಶ ನೋಡಿ ನೋಡಿ ಕುತ್ತಿಗೆ ಹಿಡಿದು, ಸೆವ್ರಿನ್ ಬಾಯಿಯ ಕೈಯಿಂದ ಎಣ್ಣೆ ಹಚ್ಚಿಸಿಕೊಂಡರು.

ಮದುವೆಯ ಹಂಗಾಮು ಬೇರೆ. ಕೊಟ್ಟಿಗೆಯ ಹಿಂದೆ ನಿಂತು, ಸ್ವರವನ್ನು ಸಣ್ಣದು ಮಾಡಿಕೊಂಡು, ಕುಂದಾಪುರದ ಇಬ್ಬರು ಶಾಮಿಯಾನದವರಿಗೂ ಬ್ರಹ್ಮಾವರದ ಒಬ್ಬರಿಗೂ ಫೋನು ಮಾಡಿದರು. ಹೆಸರು ಕೇಳಿದರೆ ಗಣಪ ಎಂದರು. ಇಬ್ಬರು ಇಲ್ಲ ಎಂದು ಫೋನಿಟ್ಟರು. ಬ್ರಹ್ಮಾವರದವನು ಮಾತ್ರ, “ಇಲ್ಲೆ ಪೊರ್ಬುಗಳೆ, ಎಲ್ಲ ಬುಕ್ ಆಯ್ತ್. ನಿಮ್ಗ್ ಶೀತ ಆಯ್ತಾ ಎಂತ, ಸ್ವರ ಒಂಚೂರ್ ಇಳ್ದಿತ್ತ್,” ಎಂದ.

ಉಳಿದದ್ದು ಹಂಗಾರಕಟ್ಟೆಯ ಶೀನ. ಪೊರ್ಬುಗಳ ಹಳೆಯ ಸ್ನೇಹಿತ, ಎರಡು ದೋಣಿಯ ಯಜಮಾನ. ಮಳೆಗಾಲದಲ್ಲಿ ದೋಣಿ ದಡಕ್ಕೆ ಎಳೆದಾಗ ಮುಚ್ಚಲು ಇಟ್ಟುಕೊಂಡ ನಲವತ್ತು ಅಡಿಯ ಟರ್ಪಾಲೊಂದು ಅವನಲ್ಲಿತ್ತು. ಪೊರ್ಬುಗಳು ಶುಕ್ರವಾರ ಮಧ್ಯಾಹ್ನ ಸ್ಕೂಟರಿನಲ್ಲಿ ಅಲ್ಲಿಗೆ ಹೋದರು.

“ಹ್ವಾಯ್ ಪೊರ್ಬುಗಳೆ, ಬನಿ, ಕೂಕಣಿ. ಟರ್ಪಾಲ್ ಎಂತಕೆ?”

“ಸೌದಿ ರಾಶಿ ಮುಚ್ಚುಕೆ.”

“ಸೌದಿ ರಾಶಿಗೆ ನಲ್ವತ್ತ್ ಅಡಿಯಾ? ಎಷ್ಟ್ ಗುಡ್ಡಿ ಬೋಳ್ಸಿದ್ರಿ?”

“ಸ್ವಲ್ಪ ಜಾಸ್ತಿಯೇ ಇತ್ತ್.”

“ಮನ್ಯಾಗೆ ಗ್ಯಾಸ್ ಇಲ್ಯಾ?”

“ಇತ್ತ್. ಖಾಲಿ ಆರೆ ಅಂತ.”

ಶೀನ ಒಂದು ಬೀಡಿ ಹಚ್ಚುವಷ್ಟು ಹೊತ್ತು ಅವರನ್ನೇ ನೋಡಿದ. “ನಿಮ್ ಹಬ್ಬ ಆಯ್ತ್ವಾರ ಅಲ್ದಾ?” ಎಂದ.

“ಹೌದ್.”

“ಹಬ್ಬಕ್ ಮಳಿ ಬಪ್ಪುದಿಲ್ಲೆ ಅಂತ ನೀವ್ ಹೇಳಿದ್ದ್ ನಮ್ಮ್ ಮನಿ ಉಮಾವತಿಗ್ ಮೀನ್ ಮಾರುಕ್ ಹೋದಲ್ಲೆಲ್ಲ ಸಿಕ್ಕಿತ್. ಹಾಂಗಾರೆ ಸೌದಿ ರಾಶಿಗ್ ಮಾತ್ರ ಬತ್ತಾ?”

ಪೊರ್ಬುಗಳು ಟರ್ಪಾಲಿನ ಮಡಿಕೆಯನ್ನು ಪರೀಕ್ಷಿಸುತ್ತಿರುವಂತೆ ಬಗ್ಗಿದರು. ಶೀನ ಮತ್ತೆ ಕೇಳಲಿಲ್ಲ. ತಾನೇ ಹೊತ್ತು ತಂದು ಸ್ಕೂಟರಿಗೆ ಕಟ್ಟಿಕೊಟ್ಟ. “ವಾಸ್ನಿ ಒಂಚೂರ್ ಇತ್ತ್. ಬಂಗ್ಡಿ ಇದ್ರ್ ಮೇಲೇ ಒಣಗ್ಸಿದ್ದ್,” ಎಂದ.

ಆ ಕಟ್ಟನ್ನು ಮನೆಗೆ ಒಯ್ದರೆ ಬಾಯಿ ಕೇಳುತ್ತಾರೆ. ಆದ್ದರಿಂದ ಪೊರ್ಬುಗಳು ಅದನ್ನು ನೇರವಾಗಿ ಇಗರ್ಜಿಗೆ ಒಯ್ದು, ತಮ್ಮ ಕೀಲಿಕೈಯಿಂದ ಹಿಂದಿನ ಕೋಣೆ ತೆರೆದು, ಹಳೆ ಬೆಂಚುಗಳ ಅಡಿಗೆ ತಳ್ಳಿ ಬೀಗ ಹಾಕಿದರು. ಮಳೆ ಬಂದರೆ ಊಟದ ಪಾತ್ರೆಗಳನ್ನಾದರೂ ಮುಚ್ಚಬಹುದು. ಬಾರದಿದ್ದರೆ ಯಾರಿಗೂ ತಿಳಿಯದಂತೆ ಸೋಮವಾರ ತಿರುಗಿಸಿ ಕೊಡಬಹುದು. ಹೀಗೆ ಲೆಕ್ಕ ಹಾಕಿ ಕೈ ತೊಳೆದುಕೊಂಡರು. ಎರಡನೆಯ ಸಲವೂ ತೊಳೆದುಕೊಂಡರು. ವಾಸನೆ ಹೋಗಲಿಲ್ಲ.

ಶನಿವಾರ ಬೆಳಿಗ್ಗೆ ಹಬ್ಬಕ್ಕೆ ಮುಂಚಿನ ಕುಮ್ಸಾರು, ಅಂದರೆ ಫಾದರ್ ಎದುರು ಪಾಪ ಹೇಳಿಕೊಳ್ಳುವುದು. ಪೊರ್ಬುಗಳು ಸಾಲಿನಲ್ಲಿ ಮೊದಲನೆಯವರಾಗಿ ಜಾಲರಿಯ ಈಚೆ ಮೊಣಕಾಲೂರಿದರು. ಅವರ ಹಿಂದೆ ಹನ್ನೊಂದು ಮಂದಿ.

“ಒಬ್ಬ ಮನ್ಷ್ಯ ಇದ್ದ ಫಾದರ್,” ಎಂದು ಮೆಲ್ಲಗೆ ಶುರುಮಾಡಿದರು. “ಅವ ಒಂದ್ ತಪ್ಪ್ ಮಾಡ್ದ.”

“ಆ ಮನುಷ್ಯನೇ ಬರಬೇಕಲ್ಲ,” ಎಂದರು ಒಳಗಿನಿಂದ ಫಾದರ್ ಅನೂಪ್.

“ಬಂದಿದ್ದ.”

“ಹಾಗಾದರೆ ಹೇಳಲಿ.”

“ದೇವ್ರ್ ಮೇಲ್ ಭರವಸಿ ಇತ್ತ್ ಅಂತ ದೊಡ್ಡದಾಗಿ ಹೇಳಿ, ಕಡಿಗೆ ಹೆದ್ರಿ, ಒಂದ್ ಟರ್ಪಾಲ್ ತಂದ್ ಹುಗ್ಸಿಟ್ಟೆ ಫಾದರ್.”

“ನಿನ್ನೆಯಿಂದ ಹಿಂದಿನ ಕೋಣೆಯಲ್ಲಿ ಬರುತ್ತಿರುವ ವಾಸನೆ ಅದೇನಾ?”

“ಅದೇ.”

“ಇಲಿ ಸತ್ತದ್ದು ಎಂದು ನಾನು ಎಲ್ಲ ಬೆಂಚು ಎಳೆಸಬೇಕೆಂದಿದ್ದೆ. ಸರಿ. ಟರ್ಪಾಲು ತರುವುದು ಪಾಪವಲ್ಲ. ಮಳೆ ಕೊಟ್ಟ ದೇವರೇ ಅದನ್ನು ತಡೆಯುವ ಬುದ್ಧಿಯನ್ನೂ ಕೊಟ್ಟದ್ದು. ಬೇರೆ ಏನಾದರೂ ಉಂಟಾ?”

ಪೊರ್ಬುಗಳು ಜಾಲರಿಗೆ ಇನ್ನಷ್ಟು ಹತ್ತಿರ ಬಗ್ಗಿದರು. ಹಿಂದೆ ಯಾರೋ ಕೆಮ್ಮಿದರು.

“ಒಬ್ಬನಿಗ್ ಎಲ್ಲರೆದ್ರ್ ಇಲ್ದಿದ್ದ್ ಮಾತ್ ಹೇಳ್ದೆ. ಅವ ಒಳ್ಳೇದ್ ಮಾಡುಕ್ ಬಂದಿದ್ದ. ಅಂದಿನಿಂದ ಅವ ಇಗರ್ಜಿ ಬದಿಗೆ ಬರ್ಲಿಲ್ಲೆ.”

ಜಾಲರಿಯ ಆಚೆ ಕುರ್ಚಿ ಕಿರುಗುಟ್ಟಿತು. “ಈಗ ಇದು ಕುಮ್ಸಾರು,” ಎಂದರು ಫಾದರ್. “ಪ್ರಾಯಶ್ಚಿತ್ತಕ್ಕೆ ಮೂರು ನಮೋ ಮರಿಯಾ ಹೇಳಿ. ಎರಡನೆಯದು, ಅವನ ಹತ್ತಿರ ಹೋಗಿ ತಪ್ಪಾಯಿತು ಎಂದು ಹೇಳಿ.”

“ಫಾದರ್, ನಮೋ ಮರಿಯಾ ಮುನ್ನೂರ್ ಹೇಳ್ತೆ.”

“ಮೂರು ಸಾಕು.”

“ಅತ್ತೂರ್ ಇಗರ್ಜಿ ತನ್ಕ ನಡ್ಕಂಡ್ ಹೋತೆ.”

“ಮೊಣಕಾಲು ನೋವು, ಮೆರವಣಿಗೆಯಲ್ಲಿ ನಡುನಡುವೆ ಒಂದು ಕುರ್ಚಿ ಇಡಿಸಿ ಎಂದು ಮೊನ್ನೆ ಕೇಳಿದ್ದು ನೀವೇ.”

“ಈಸ್ಟರ್ ತನ್ಕ ಮೀನ್ ಬಿಡ್ತೆ.”

“ಪೊರ್ಬುಗಳೆ, ಇದು ಮೀನು ಮಾರ್ಕೆಟಲ್ಲ. ಚೌಕಾಸಿ ಇಲ್ಲ.” ಫಾದರ್ ಸ್ವರ ತಗ್ಗಿಸಿದರು. “ನನ್ನದೂ ಒಂದು ತಪ್ಪು ಉಂಟು. ರೋಷನ್ ಹೇಳಿದ್ದು ಸರಿ ಎಂದು ಗೊತ್ತಿದ್ದೂ ನಿಮ್ಮ ಸ್ವರಕ್ಕೆ ಹೆದರಿ ಬೇಡ ಎಂದು ಬರೆದೆ. ಅದನ್ನು ನಾನು ಹೋಗಿ ಬೇರೆ ಫಾದರ್ ಹತ್ತಿರ ಹೇಳಿಕೊಳ್ಳುತ್ತೇನೆ. ನೀವು ತಲ್ಲೂರಿಗೆ ಹೋಗಿ.”

ಪೊರ್ಬುಗಳು ಎದ್ದು ಬರುವಾಗ ಸಾಲಿನಲ್ಲಿದ್ದ ಹನ್ನೊಂದು ಮಂದಿಯೂ ಜಪಮಾಲೆ ನಿಲ್ಲಿಸಿ ಅವರನ್ನೇ ನೋಡಿದರು. ಇಷ್ಟು ಹೊತ್ತು ಹಿಡಿಯುವಂಥ ಪಾಪ ಈ ವಯಸ್ಸಿನಲ್ಲಿ ಯಾವುದಿದ್ದೀತು ಎಂಬ ಕುತೂಹಲ ಅವರಿಗೆ.

ಮೂರು ನಮೋ ಮರಿಯಾ ಸಾಸ್ತಾನದ ಟೋಲ್ ಗೇಟು ಬರುವ ಮೊದಲೇ ಮುಗಿಯಿತು. ಪೊರ್ಬುಗಳು ಸ್ಕೂಟರನ್ನು ನಿಧಾನ ಮಾಡಿ ಇನ್ನೂ ಮೂರು ಹೇಳಿದರು. ಕುಂದಾಪುರದಲ್ಲಿ ಅಗತ್ಯವಿಲ್ಲದೆ ಪೆಟ್ರೋಲು ಹಾಕಿಸಿದರು. ಆದರೂ ತಲ್ಲೂರು ಬಂದೇ ಬಂತು.

ರೋಷನ್ ಅಂಗಡಿಯ ಮುಂದೆ ಕುರ್ಚಿಗಳನ್ನು ಒಂದರೊಳಗೊಂದು ಸೇರಿಸಿ ಕಟ್ಟುತ್ತಿದ್ದ. ಇವರನ್ನು ಕಂಡು ಒಂದು ಕುರ್ಚಿ ಬಿಡಿಸಿ ಹಾಕಿದ. ಚಹಾ ತರಿಸಿದ. ಪೊರ್ಬುಗಳು ಅಮ್ಮನ ಶುಗರ್ ಹೇಗಿದೆ ಎಂದು ಕೇಳಿದರು. ಟೆಂಪೊದ ಟಯರು ಹೊಸದಾ ಎಂದು ಕೇಳಿದರು. ಚಹಾ ಮುಗಿಯಿತು, ಲೋಟದ ತಳದ ಸಕ್ಕರೆಯೂ ಮುಗಿಯಿತು.

“ರೋಷನ್, ಮೊನ್ನಿ ನಾನ್ ಹ್ಯಾಂಗೋ ಮಾತಾಡ್ದೆ. ತಪ್ಪಾಯ್ತ್ ಮಗಾ.”

ರೋಷನ್ ಹಗ್ಗ ಬಿಗಿಯುವುದನ್ನು ನಿಲ್ಲಿಸಲಿಲ್ಲ. “ಆಯ್ತ್ ಮಾಮ. ನಂಗ್ ಸಿಟ್ಟಿಲ್ಲೆ.”

“ಹಾಂಗಾರೆ ನಾಳಿ ಬತ್ಯಲ್ದಾ?”

“ಇಲ್ಲೆ.”

“ಸಿಟ್ಟಿಲ್ಲೆ ಅಂದೆ.”

“ಸಿಟ್ಟಿಲ್ಲೆ. ಆರೆ ನೀವ್ ಬೈದದ್ದ್ ಹದಿನೇಳ್ ಜನರೆದ್ರಿಗೆ, ಅವ್ರ್ ಮನಿಗ್ ಹೋಯಿ ಇಡೀ ಊರಿಗ್ ಹೇಳಿದ್ರ್. ತಪ್ಪಾಯ್ತ್ ಅಂದದ್ದ್ ನನ್ ಅಂಗ್ಡಿ ಬಾಗ್ಲಾಗೆ, ನಾನೂ ಈ ಕುರ್ಚಿಯೂ ಕೇಂಡ್ತ್. ನಾಳಿ ನಾನ್ ಬಂದ್ರೆ ನನ್ ಮೋರಿ ಕಂಡ್ ಎಲ್ಲರಿಗೂ ಬಾಡ್ಗಿ ನೆನ್ಪಾತ್ತ್. ಅಮ್ಮನೂ ಹಿಂದಿನ್ ಬೆಂಚಿಗ್ ಹೋಯಿ ಕೂಕಂತ್ರಂಬ್ರ್. ಮೂವತ್ತ್ ವರ್ಷ ಮೂರ್ನೇ ಬೆಂಚಾಗೆ ಕೂತವ್ರ್.”

ಪೊರ್ಬುಗಳು ಖಾಲಿ ಲೋಟವನ್ನು ಕುರ್ಚಿಯ ಅಡಿಗೆ ಇಟ್ಟು ಎದ್ದರು. ಹೊರಡುವಾಗ, ಕೇಳಬಾರದೆಂದುಕೊಂಡೂ ಕೇಳಿದರು: “ಶಾಮಿಯಾನ?”

“ಬೈಂದೂರಿಗ್ ಹೋಯ್ತ್, ಒಂದ್ ಮದಿ ಮನಿಗೆ. ನೀವ್ ಬ್ಯಾಡ ಅಂದ್ರಿಯಲೆ. ಇಲ್ಲಿಪ್ಪುದ್ ನಾಲ್ಕ್ ಕಂಬ. ಬೇಕಾರೆ ತಕಂಡ್ ಹೋಯಿನಿ.”

ಮನೆಗೆ ಬಂದು ಎಲ್ಲವನ್ನೂ ಸೆವ್ರಿನ್ ಬಾಯಿಗೆ ಹೇಳಿದರು. ಟರ್ಪಾಲಿನಿಂದ ಹಿಡಿದು ಮೂರನೇ ಬೆಂಚಿನ ತನಕ. ಬಾಯಿ ಬೈಯಬಹುದು ಎಂದು ಕಾದರು. ಬಾಯಿ ಬೈಯಲಿಲ್ಲ. ಹಬ್ಬದ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಾ, “ನಾಳಿ ಬೆಳಿಗ್ಗಿ ಪೂಜಿ ಕಡಿಗೆ ಸೂಚ್ನಿ ಓದುದ್ ನೀವೇ ಅಲ್ದಾ?” ಎಂದು ಮಾತ್ರ ಕೇಳಿದರು.

ಭಾನುವಾರ ಬೆಳಿಗ್ಗೆ ಆಕಾಶ ಇಗರ್ಜಿಯ ಗೋಪುರಕ್ಕೆ ತಾಗುವಷ್ಟು ಇಳಿದಿತ್ತು. ಎಂಟು ಗಂಟೆಯ ಪೂಜೆಗೆ ಒಳಗೆ ದೀಪ ಹಾಕಬೇಕಾಯಿತು. ಪೊರ್ಬುಗಳು ಸೂಚನೆಯ ಚೀಟಿ ಹಿಡಿದು ಮೈಕಿನ ಮುಂದೆ ನಿಂತರು. ಊಟದ ಕೂಪನ್, ವಾಹನ ನಿಲ್ಲಿಸುವ ಜಾಗ, ಮೆರವಣಿಗೆಯ ಸಾಲು, ಇಷ್ಟನ್ನೂ ಓದಿ ಚೀಟಿಯನ್ನು ಮಡಿಚಿ ಕಿಸೆಗಿಟ್ಟರು. ಜನ ಏಳಲು ಹೊರಟರು.

“ಒಂದ್ ನಿಮ್ಷ ಕೂಕಣಿ,” ಎಂದರು. ಬಲಿಪೀಠದ ಬಳಿ ಅವರು ಕನ್ನಡಕ್ಕೆ ಇಳಿದದ್ದು ಕೇಳಿ ಎಲ್ಲರೂ ಗಾಬರಿಯಿಂದ ಕೂತರು.

“ಸೋಮ್ವಾರ ಮೀಟಿಂಗಾಗೆ ನಾನ್ ಮಳಿ ಬಪ್ಪುದಿಲ್ಲೆ ಅಂದೆ. ಅದ್ ನಾನ್ ದೇವ್ರನ್ನ್ ನಂಬಿ ಹೇಳಿದ್ದಲ್ಲ. ನನ್ ಸ್ವರ ನಂಬಿ ಹೇಳಿದ್ದ್. ನಂಗ್ ದೇವ್ರ್ ಎಂತದೂ ಹೇಳಿರ್ಲಿಲ್ಲೆ.” ನುಂಗಿಕೊಂಡರು. ಮೈಕಿನಲ್ಲಿ ಆ ನುಂಗಿದ ಸದ್ದೂ ಕೇಳಿಸಿತು. “ರೋಷನ್ ಶಾಮಿಯಾನ ಪುಕ್ಕಟೆ ಹಾಕುಕ್ ಬಂದಿದ್ದ. ನಾನ್ ಅವ್ನ್ ಮಾತ್ ಅರ್ಧದಾಗೆ ತುಂಡ್ ಮಾಡಿ ಬಾಡ್ಗಿ ಅಂದೆ. ಅದ್ ಸುಳ್ಳ್. ಮನಿಗ್ ಹೋಯಿ ಬಾಡ್ಗಿ ಸುದ್ದಿ ಹೇಳಿದವ್ರ್ ಎಲ್ಲ, ಇವತ್ ಹೋಯಿ ಇದನ್ನೂ ಹೇಳ್ಕ್. ಮಳಿ ಬಂದ್ರೆ ಬೈಗಳ ನಂಗ್ ಕೊಡಿ, ದೇವ್ರಿಗೂ ಫಾದರಿಗೂ ಬ್ಯಾಡ. ಹಿಂದಿನ್ ಕೋಣ್ಯಗೆ ಒಂದ್ ಟರ್ಪಾಲ್ ತಂದ್ ಹುಗ್ಸಿಟ್ಟಿದೆ. ಪಾತ್ರಿ ಮುಚ್ಚುಕ್ ಆತ್ತ್. ವಾಸ್ನಿ ಒಂಚೂರ್ ಇತ್ತ್.”

“ಒಂಚೂರಾ?” ಎಂದಿತು ಹಿಂದಿನ ಕೋಣೆಗೆ ಹತ್ತಿರದ ಬೆಂಚು.

ಇಗರ್ಜಿಯೆಲ್ಲ ನಕ್ಕಿತು. ಫಾದರ್ ಅನೂಪ್ ಮುಖ ಮುಚ್ಚಿಕೊಳ್ಳಲು ಪುಸ್ತಕ ಎತ್ತಿದರು. ನಗದೆ ಇದ್ದವರು ರೋಷನನ ಅಮ್ಮ ಒಬ್ಬರೇ. ಅವರು ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದರು. ಪೊರ್ಬುಗಳು “ಕೂಕಣಿ” ಎಂದ ಹೊತ್ತಿಗೇ ಮಗನಿಗೆ ಫೋನು ಹಚ್ಚಿ, ಸೆರಗಿನ ಅಡಿಯಲ್ಲಿ ಮೈಕಿನ ಕಡೆಗೆ ತಿರುಗಿಸಿ ಹಿಡಿದಿದ್ದರು.

ಮೂರು ಗಂಟೆಗೆ ರೋಷನನ ಟೆಂಪೊ ಮೈದಾನಕ್ಕೆ ಬಂತು. ಮೈಕಿನ ಡಬ್ಬಿ, ವಯರು, ಜತೆಗೆ ಆ ನಾಲ್ಕು ಕಂಬ. ಅವನು ಯಾರೊಡನೆಯೂ ಹೆಚ್ಚು ಮಾತಾಡಲಿಲ್ಲ. ಅಡುಗೆಯವರ ಒಲೆಯ ಹತ್ತಿರ ಕಂಬ ನೆಟ್ಟು, ಹಿಂದಿನ ಕೋಣೆಯಿಂದ ಟರ್ಪಾಲು ತರಿಸಿ ಎಳೆದು ಕಟ್ಟಿದ. ಅಡುಗೆಯವರು ಮೂಗು ಮುಚ್ಚಿಕೊಂಡು ಒಲೆಯನ್ನು ಆಚೆ ಬದಿಗೆ ಸರಿಸಿದರು.

ಮೂರೂವರೆಗೆ ಪಡುವಣದ ಮೋಡ ನಡುವಿನಲ್ಲಿ ಹರಿಯಿತು. ನಾಲ್ಕಕ್ಕೆ ಮೆರವಣಿಗೆ ಹೊರಡುವಾಗ ಎಪ್ರಿಲ್ ತಿಂಗಳಿನಂಥ ಬಿಸಿಲು. ಕೊಡೆ ತಂದವರು ಬಿಸಿಲಿಗೆಂದೇ ಕೊಡೆ ಬಿಡಿಸಿದರು. ಮುಂದೆ ಶಿಲುಬೆ, ಆಮೇಲೆ ಹೂ ಚೆಲ್ಲುವ ಮಕ್ಕಳು, ಮೇಲ್ಕಟ್ಟಿನಡಿಯಲ್ಲಿ ಪರಮ ಪ್ರಸಾದ ಹಿಡಿದ ಫಾದರ್, ಹಿಂದೆ ಹಾಡುತ್ತಾ ಜನ. ಪೊರ್ಬುಗಳು ಬಾಯಿಯ ಪಕ್ಕದಲ್ಲಿ ಕುಂಟುತ್ತಾ ನಡೆದರು. ತುಟಿ ಅಲ್ಲಾಡುತ್ತಿತ್ತು, ಆದರೆ ಹಾಡಿಗೆ ಸರಿಯಾಗಿ ಅಲ್ಲ.

“ಎಂತ ಪ್ರಾರ್ಥ್ನಿ?” ಎಂದರು ಬಾಯಿ ಮೆಲ್ಲಗೆ.

“ಎಂತ ಇಲ್ಲೆ.”

“ಆಗಳಿಂದ ಮೇಲ್ ಕಾಂತಾ ಇದ್ರಿ. ಮಳಿ ಕೇಂತಾ ಇದ್ರಿ ಅಲ್ದಾ?”

“ಒಂದ್ ನಾಲ್ಕ್ ಹನಿ ಅಷ್ಟೆ,” ಎಂದರು ಪೊರ್ಬುಗಳು. “ಬೆಳಿಗ್ಗಿ ಅಷ್ಟ್ ಜನರೆದ್ರ್ ಮಾನ ಕಳ್ಕಂಡೆ. ಅದ್ ಸುಮ್ನೆ ಹೋಪುದ್ ಬ್ಯಾಡ ಅಂತ. ಏಳ್ ಗಂಟಿ ಹೊತ್ ಸುಮ್ನಿದ್ದಿರೆ ಇವತ್ ನಾನ್ ಹೇಳಿದ್ದೇ ಸಮಾ ಆತಿತ್.”

“ಸುಮ್ನೆ ಎಲ್ಲ್ ಹೋಯ್ತ್? ಹಿಂದ್ ತಿರ್ಗಿ ಕಾಣಿ, ಮೈಕ್ ಹೊತ್ಕಂಡ್ ಬಪ್ಪುದ್ ಯಾರ್ ಅಂತ.”

ಪೊರ್ಬುಗಳು ತಿರುಗಿ ನೋಡಿದರು. ಕುತ್ತಿಗೆ ಇನ್ನೂ ಹಿಡಿದೇ ಇದ್ದುದರಿಂದ ಇಡೀ ಮೈಯನ್ನು ತಿರುಗಿಸಬೇಕಾಯಿತು. ರೋಷನ್ ಹೆಗಲ ಮೇಲೆ ಸ್ಪೀಕರ್ ಡಬ್ಬಿ ಇಟ್ಟುಕೊಂಡು, ಬೆವರು ಒರೆಸಲು ಕೈಯಿಲ್ಲದೆ, ಹಾಡುತ್ತಾ ಬರುತ್ತಿದ್ದ. ಅವನ ಹಿಂದೆ ಅವನ ಅಮ್ಮ, ಎಲ್ಲರಿಗಿಂತ ಒಂದು ಹೆಜ್ಜೆ ಮೊದಲೇ ಸಾಲು ಎತ್ತಿಕೊಂಡು ಹಾಡುತ್ತಾ. ಪೊರ್ಬುಗಳು ಮುಂದಕ್ಕೆ ತಿರುಗಿದರು. ಆಮೇಲೆ ಅವರ ತುಟಿ ಹಾಡಿಗೆ ಸರಿಹೋಯಿತು.

ಆಶೀರ್ವಾದ ಮುಗಿದ ಮೇಲೆ ಕಷ್ಟದ ಗಳಿಗೆ ಬಂತು. ಒಂದು ಹನಿಯೂ ಬೀಳಲಿಲ್ಲವೆಂದು ಜನ ಬೆಳಗಿನದನ್ನೆಲ್ಲ ಮರೆತು ಪೊರ್ಬುಗಳ ಕೈ ಕುಲುಕತೊಡಗಿದರು. “ನಿಮ್ ಮಾತೇ ನಿಂತ್ತ್ ಕಾಣಿ.” “ನೀವ್ ಸುಮ್ನೆ ಹೆದ್ರಿದ್ರಿ, ನಿಮ್ ಭರವಸಿ ಗೆದ್ದಿತ್.” ರಸ್ತೆ ಬದಿಯಲ್ಲಿ ನಿಂತು ಮೆರವಣಿಗೆ ನೋಡಿದ್ದ ಶೀನ ಮಾತ್ರ ಹತ್ತಿರ ಬಂದು, “ಸೌದಿ ಒಣಗಿಯೇ ಇತ್ತಾ ಪೊರ್ಬುಗಳೆ?” ಎಂದು ಕೇಳಿ ಊಟದ ಸಾಲಿಗೆ ಹೋದ.

ವಂದನಾರ್ಪಣೆ ಉಪಾಧ್ಯಕ್ಷರದ್ದು. ಒಂಬತ್ತು ವರ್ಷದಿಂದ ಅದು ಇಪ್ಪತ್ತು ನಿಮಿಷಕ್ಕೆ ಕಡಿಮೆ ಆದದ್ದಿಲ್ಲ. ಪೊರ್ಬುಗಳು ಮೈಕು ಹಿಡಿದರು. ಮುಂದೆ ಐನೂರು ಮುಖ, ಮೇಲೆ ತೊಳೆದಿಟ್ಟಂಥ ಆಕಾಶ. “ನಾನ್ ಅಂದೇ ಹೇಳಿದ್ದೆ” ಎಂಬ ಮೂರು ಶಬ್ದ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ಬದಿಯಲ್ಲಿ ಮಿಕ್ಸರಿನ ಹಿಂದೆ ಕೂತಿದ್ದ ರೋಷನ್, ಸ್ವರ ತಗ್ಗಿಸುವ ಗುಂಡಿಯ ಮೇಲೆ ಬೆರಳಿಟ್ಟು ಇವರನ್ನೇ ನೋಡುತ್ತಿದ್ದ.

ಪೊರ್ಬುಗಳು ಫಾದರಿಗೆ, ಹಾಡಿನವರಿಗೆ, ಅಡುಗೆಯವರಿಗೆ, ಹೆಸರು ಹೇಳಿ ರೋಷನನಿಗೆ, ಹೆಸರು ಹೇಳಿ ಶೀನನಿಗೆ ವಂದನೆ ಹೇಳಿದರು. “ಮಳಿ ಬರ್ಲಿಲ್ಲೆ,” ಎಂದರು. “ಅದ್ರಾಗೆ ನನ್ದ್ ಎಂತ ಕೈ ಇಲ್ಲೆ. ಊಟಕ್ ಬನಿ.”

ಮುಗಿಯಿತೆಂದು ಯಾರಿಗೂ ಅನಿಸಲಿಲ್ಲ. ಅವರು ವೇದಿಕೆ ಇಳಿದು, ತಟ್ಟೆ ಹಿಡಿದು ಸಾಲಿನಲ್ಲಿ ನಿಂತ ಮೇಲೆಯೇ ಜನ ಎದ್ದದ್ದು.

ಏಳೂವರೆಗೆ ಮೈದಾನ ಖಾಲಿಯಾಯಿತು. ಬಾಯಿ ಪಕ್ಕದ ಮನೆಯವರ ರಿಕ್ಷಾದಲ್ಲಿ ಮೊದಲೇ ಹೋಗಿದ್ದರು. ಪೊರ್ಬುಗಳ ಮೊಣಕಾಲು ಸ್ಕೂಟರಿನ ಕಿಕ್ ಹೊಡೆಯುವ ಸ್ಥಿತಿಯಲ್ಲಿರಲಿಲ್ಲ. ವಯರು ಸುತ್ತಿ ಮುಗಿಸಿದ ರೋಷನ್ ಬಳಿಗೆ ಬಂದ.

“ತಲ್ಲೂರಿಗ್ ಹೋಪತಿಗೆ ನಿಮ್ಮನ್ನ್ ನಿಮ್ ಮನಿ ಗೇಟಿನತ್ರ ಇಳ್ಸ್ತೆ ಮಾಮ. ಆರೆ ಮುಂದ್ ಜಾಗ ಇಲ್ಲೆ, ಕೆಲ್ಸದವ್ರ್ ಇಬ್ರ್ ಇದ್ರ್.”

“ಮತ್ತೆ ನಾನ್ ಎಲ್ಲ್ ಕೂಕಣ್ಕ್?”

“ಹಿಂದೆ. ಡಬ್ಬಿ ಜತಿಗೆ.”

“ಉಪಾಧ್ಯಕ್ಷ ಡಬ್ಬಿ ಜತಿಗಾ?”

“ಡಬ್ಬಿ ಎಂತ ಹೇಳುದಿಲ್ಲೆ ಮಾಮ. ನೀವೂ ಎಂತ ಹೇಳ್ಬೇಡಿ.” ರೋಷನ್ ಅವರನ್ನು ತೋಳು ಹಿಡಿದು ಮೇಲೆ ಹತ್ತಿಸಿ, ದೊಡ್ಡ ಸ್ಪೀಕರಿನ ಮೇಲೆ ಕೂರಿಸಿ, ಮಿಕ್ಸರನ್ನು ಅವರ ತೊಡೆಯ ಮೇಲಿಟ್ಟ. “ಇದ್ ಹೊಸ್ತ್. ಎರ್ಡೂ ಕೈಯಾಗೆ ಹಿಡ್ಕಣಿ. ಎಂತ ಆರೂ ಬಿಡ್ಬೇಡಿ.”

“ಹಿಡ್ಕಂಡಿದೆ. ಹೋಪ.”

ಟೆಂಪೊ ಹೊರಟಿತು. ಹಿಂದಕ್ಕೆ ಮುಖಮಾಡಿ ಕೂತ ಪೊರ್ಬುಗಳಿಗೆ ರಸ್ತೆ ಓಡಿಹೋಗುವುದು ಮಾತ್ರ ಕಾಣುತ್ತಿತ್ತು. ಮುಂದೆ ಕೆಲಸದವರ ಜತೆ ರೋಷನ್ ಬೆಳಗಿನ ಸೂಚನೆಯನ್ನು ಪೊರ್ಬುಗಳ ಸ್ವರದಲ್ಲೇ ಮಾಡಿ ತೋರಿಸುತ್ತಿದ್ದ. ಮೂವರೂ ಜೋರಾಗಿ ನಗುತ್ತಿದ್ದರು. ಹಾಗೆ ನಗುತ್ತಲೇ ಅವರು ನಿಲ್ಲಿಸುವುದನ್ನು ಮರೆತು ಪೊರ್ಬುಗಳ ಮನೆಯ ಗೇಟು ದಾಟಿದರು. ಗೇಟು ತೆರೆದು ಟಾರ್ಚು ಹಿಡಿದು ನಿಂತಿದ್ದ ಸೆವ್ರಿನ್ ಬಾಯಿ, ಡಬ್ಬಿಗಳ ನಡುವೆ ನೆಟ್ಟಗೆ ಕೂತು ದೂರವಾಗುತ್ತಿದ್ದ ಗಂಡನ ಮೇಲೆ ಬೆಳಕು ಬಿಟ್ಟರು. ಟೆಂಪೊದ ಬದಿಗೆ ಬಡಿಯಲು ಪೊರ್ಬುಗಳಿಗೆ ಕೈ ಬಿಡುವಿರಲಿಲ್ಲ, ಏನೂ ಹೇಳಬೇಡಿ ಎಂದಿದ್ದರಿಂದ ಕೂಗುವಂತೆಯೂ ಇರಲಿಲ್ಲ. ಮಿಕ್ಸರನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು, ಹೆಂಡತಿಗೆ ತಲೆ ಆಡಿಸಿಯೇ ಹೋಗಿ ಬರುತ್ತೇನೆ ಎಂದರು.